ವಿಭೂತಿ ಹಚ್ಚಿದ ಜೇಡ

ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಒಂದು ಗಾಜಿನ ಗ್ಲಾಸು ಇದೆ. ಅಂಚಿನಲ್ಲಿ ಚೂರು ಎದ್ದಿದೆ. ಮೈಮೇಲೆ ಒಂದು ಕಾಲಕ್ಕೆ ಕೆಂಪು ಗುಲಾಬಿ ಇತ್ತು. ತೊಳೆದು ತೊಳೆದು ಹೂವು ಹೋಗಿ ಈಗ ಹಸಿರು ಎಲೆ ಮಾತ್ರ ಉಳಿದಿದೆ. ನನ್ನ ಮದುವೆಯಲ್ಲಿ ಆಯೇರಿನ ಉಡುಗೊರೆಯಾಗಿ ಬಂದ ಗ್ಲಾಸುಗಳಲ್ಲಿ ಬದುಕಿ ಉಳಿದದ್ದು ಇದೊಂದೇ. ಬಂದವರಿಗೆ ಇದರಲ್ಲಿ ಚಹಾ ಕೊಡುವುದಿಲ್ಲ, ನೀರೂ ಕೊಡುವುದಿಲ್ಲ. ಗೊತ್ತಿಲ್ಲದೆ ಯಾರಾದರೂ ಕೈ ಹಾಕಿದರೆ ನಮ್ಮ ಅತ್ತೆ ಕೂತಲ್ಲಿಂದಲೇ ಕೂಗುತ್ತಾರೆ: "ಏ, ಅದನ್ನ ಮುಟ್ಟಬ್ಯಾಡ್ರಿ! ಅದು ನಮ್ಮ ಸೊಸೀದು ಸಾಲಿ ಗ್ಲಾಸ!"

ಬಂದವರು ನನ್ನ ಮುಖ ನೋಡುತ್ತಾರೆ. ಅಜ್ಜಿಯಾದ ಹೆಂಗಸಿಗೆ ಎಂಥ ಶಾಲೆ, ಎಂಥ ಗ್ಲಾಸು? ನಾನು ನಕ್ಕು ಸುಮ್ಮನಾಗುತ್ತೇನೆ. ಹೇಳಲು ಕೂತರೆ ಅವರ ಚಹಾ ಆರಿಹೋಗುತ್ತದೆ. ನಿಮಗಾದರೆ ಹೇಳಬಹುದು, ನಿಮಗೆ ಚಹಾ ಮಾಡಿಕೊಡುವ ಭಾರ ನನ್ನ ಮೇಲಿಲ್ಲ.

ನಾನು ಹುಟ್ಟಿದ್ದು ಮೂಡಲಗಿ ಕಡೆಯ ಮಸಗುಪ್ಪಿಯಲ್ಲಿ. ಅಪ್ಪನಿಗೆ ಒಂದಿಷ್ಟು ಕಬ್ಬು, ಒಂದಿಷ್ಟು ಗೋವಿನಜೋಳ, ಎಮ್ಮೆಗಳು, ಮತ್ತೆ ಒಂದು ಹುಚ್ಚು. ಆ ಹುಚ್ಚು ಮಗಳನ್ನು ಕಾನ್ವೆಂಟಿನಲ್ಲಿ ಓದಿಸುವುದು. ಊರವರು ಏನೆಂದರೂ ಕಿವಿಗೆ ಹಾಕಿಕೊಳ್ಳದೆ, ಒಂದು ತಗಡಿನ ಟ್ರಂಕು ತಲೆಯ ಮೇಲೆ ಹೊತ್ತು ಗೋಕಾಕಿನ ಸಿಸ್ಟರುಗಳ ಹಾಸ್ಟೆಲಿಗೆ ನನ್ನನ್ನು ಬಿಟ್ಟು ಬಂದರು. ಮೊದಲ ರಜೆಗೆ ಊರಿಗೆ ಬಂದಾಗ ಬಾಗಿಲಿಗೆ ಅಡ್ಡ ಮಲಗಿದ್ದ ಎಮ್ಮೆಗೆ ನಾನು "ಎಕ್ಸ್‌ಕ್ಯೂಸ್ ಮಿ" ಅಂದೆನಂತೆ. ಎಮ್ಮೆ ಮರ್ಯಾದೆಯಿಂದ ಎದ್ದು ದಾರಿ ಬಿಟ್ಟಿತು ಎಂಬುದು ಅಪ್ಪನ ವಾದ. ಬಾಲದಿಂದ ಬಾರಿಸಿತು ಎಂಬುದು ಅವ್ವನ ಸಾಕ್ಷಿ. ನನಗೆ ನೆನಪಿಲ್ಲ, ಆದರೆ ಊರು ಮರೆತಿಲ್ಲ. ಇವತ್ತಿಗೂ ಮಸಗುಪ್ಪಿಯಲ್ಲಿ ನಾನು ಬಸ್ಸು ಇಳಿದರೆ ಕಟ್ಟೆಯ ಮೇಲಿನ ಮುದುಕರೊಬ್ಬರು ಪಕ್ಕದವರಿಗೆ ಹೇಳುತ್ತಾರೆ, "ಸರಕೋರಿ, ಎಮ್ಮಿಗೆ ಇಂಗ್ಲೀಷ್ ಕಲಿಸಿದಾಕಿ ಬಂದ್ಲು."

ಹಾಸ್ಟೆಲಿನಲ್ಲಿ ನಮಗೆ ಚಿತ್ರ ಬರೆಯುವುದನ್ನು ಹೇಳಿಕೊಡುತ್ತಿದ್ದ ಸಿಸ್ಟರ್ ಒಬ್ಬರಿದ್ದರು, ಕೇರಳದ ಕಡೆಯವರು. ಮಾತಿಗಿಂತ ಮೊದಲು ಕೈಲಿದ್ದ ಸೀಮೆಸುಣ್ಣದಿಂದ ಮೇಜಿನ ಮೇಲೆ ಟಿಕ್ ಟಿಕ್ ಅನ್ನಿಸುವುದು ಅವರ ಅಭ್ಯಾಸ. ನಮ್ಮ ಬಾಯಲ್ಲಿ ಅವರು ಟಿಕ್‌ಟಿಕ್ ಸಿಸ್ಟರ್. ಒಮ್ಮೆ ನಾನು ಜೇಡದ ಚಿತ್ರ ಬರೆದು ಆರು ಕಾಲು ಹಾಕಿದ್ದೆ. ಇರುವೆಗೆ ಆರು, ನೊಣಕ್ಕೆ ಆರು, ಇದೊಂದಕ್ಕೆ ಮಾತ್ರ ಹೆಚ್ಚು ಯಾಕಿರಬೇಕು ಎಂಬುದು ನನ್ನ ನ್ಯಾಯ. ಸಿಸ್ಟರ್ ಬೈಯಲಿಲ್ಲ. ಟಿಕ್ ಟಿಕ್ ಅನ್ನಿಸಿ, "ನನ್ನನ್ನು ಕೇಳ್ಬೇಡ. ಹೋಗಿ ಜೇಡವನ್ನೇ ಕೇಳು" ಅಂದರು. ಆಮೇಲೆ ತಾವು ನೀರು ಕುಡಿಯುತ್ತಿದ್ದ ಗ್ಲಾಸನ್ನೇ ನನ್ನ ಕೈಗೆ ಕೊಟ್ಟು, ಜೇಡದ ಮೇಲೆ ಬೋರಲು ಹಾಕುವುದು, ಕೆಳಗೆ ಒಂದು ಗಟ್ಟಿ ಕಾಗದ ತೂರಿಸುವುದು, ಬೆಳಕಿಗೆ ಹಿಡಿದು ನೋಡುವುದು, ನೋಡಿಯಾದ ಮೇಲೆ ಎಲ್ಲಿಂದ ತಂದೆವೋ ಅಲ್ಲಿಯೇ ಬಿಡುವುದು, ಎಲ್ಲ ತೋರಿಸಿದರು. "ಮೊದ್ಲು ನೋಡು. ಆಮೇಲೂ ನೋಡು. ಹೆಸ್ರಿಗೆ ಅವಸ್ರ ಇಲ್ಲ."

ಇಂಗ್ಲಿಷ್ ನನ್ನಿಂದ ಎಷ್ಟೋ ಸೋರಿಹೋಯಿತು. ಈ ನೋಡುವ ಚಾಳಿ ಮಾತ್ರ ಉಳಿಯಿತು. ಅಪ್ಪ ಒಮ್ಮೆ ಧುಪದಾಳದ ಅಣೆಕಟ್ಟೆಗೆ ಹಕ್ಕಿ ತೋರಿಸಲೆಂದು ಕರೆದುಕೊಂಡು ಹೋಗಿದ್ದರು. ಎಲ್ಲರೂ ಕತ್ತು ಮೇಲೆತ್ತಿ ಬಿಳಿ ಹಕ್ಕಿಗಳ ಹಿಂಡು ನೋಡುತ್ತಿದ್ದರೆ ನಾನು ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು, ನೀರಿನ ಮೇಲೆ ನಡೆದಾಡುವ ಹುಳದ ಪಾದದಡಿ ನೀರು ಹೇಗೆ ಕುಳಿ ಬೀಳುತ್ತದೆಂದು ನೋಡುತ್ತಿದ್ದೆ. "ಇಷ್ಟ ದೂರ ಬಸ್ಸಿನ್ಯಾಗ ಕರಕೊಂಡ ಬಂದದ್ದು ಹುಳಾ ನೋಡಾಕೇನವಾ?" ಎಂದು ಅಪ್ಪ ನಕ್ಕಿದ್ದರು.

ಮದುವೆಯಾಗಿ ಇದೇ ಗೋಕಾಕಿಗೆ ಸೊಸೆಯಾಗಿ ಬಂದೆ. ಅತ್ತೆಯ ಬಾಯಲ್ಲಿ ನನ್ನ ಹೆಸರು ಸುನಂದಾ ಎಂದು ಇದ್ದದ್ದು ಬಹಳ ಕಡಿಮೆ. "ಕಾನ್ವೆಂಟ್" ಎಂಬುದೇ ಚಾಲ್ತಿ. ನಾನು ಬಡಿದ ರೊಟ್ಟಿಯನ್ನು ಅವರು ಮೇಲೆತ್ತಿ ಹಿಡಿದು, ನನಗಲ್ಲ, ಗೋಡೆಗೆ ಹೇಳುತ್ತಿದ್ದರು: "ಕಾನ್ವೆಂಟಿನ್ಯಾಗ ನಕಾಶೆ ಬರಿಯೂದ ಚೊಲೋ ಕಲಿಸ್ಯಾರ. ಇದು ಯಾವ ದೇಶಾನೋ!" ಕೆಟ್ಟ ಮನಸ್ಸಿನವರಲ್ಲ. ಸಂಜೆ ಆ ದೇಶವನ್ನೇ ಬದನೆಕಾಯಿ ಪಲ್ಯದ ಜೊತೆ ತಾವೇ ಉಣ್ಣುತ್ತಿದ್ದರು. ಆದರೂ ಕಾನ್ವೆಂಟ್ ಎಂದರೆ ನಮ್ಮ ಮನೆಯಲ್ಲಿ ಕೆಲಸಕ್ಕೆ ಬಾರದ್ದು ಎಂಬ ಅರ್ಥ ಗಟ್ಟಿಯಾಗಿ ಕೂತಿತು, ಮೊನ್ನೆ ಮೊನ್ನೆಯವರೆಗೂ.

ಮೊನ್ನೆ ಎಂದರೆ, ನಮ್ಮ ಮಗಳು ದೀಪಾ ಬಾಣಂತನಕ್ಕೆ ಬಂದಾಗ. ಅವಳನ್ನು ಕೊಟ್ಟದ್ದು ಹುಕ್ಕೇರಿಗೆ. ಚೊಚ್ಚಲು, ಹೆಣ್ಣು ಕೂಸು. ಪಡಸಾಲೆಯ ಬಾಜೂ ಕೋಣೆಯನ್ನು ಬಾಣಂತಿ ಕೋಣೆ ಮಾಡಿದೆವು. ತೊಟ್ಟಿಲು ಹಾಕಿ ಹೆಸರಿಡುವ ದಿನ ನಮ್ಮ ಬೀಗತಿ, ಅಂದರೆ ದೀಪಾಳ ಅತ್ತೆ ಶಾಂತಕ್ಕ, ಹುಕ್ಕೇರಿಯ ಸಂತೆಯನ್ನೇ ಹೊತ್ತು ತಂದಂತೆ ಬಂದರು. ಬಾಣಂತಿಗೆಂದು ಅಂಟು, ಕೊಬ್ಬರಿ, ಆಳ್ವಿ; ಕೂಸಿಗೆಂದು ಕುಂಚಿಗೆ, ಬಜೆ ಬೇರು, ಮತ್ತೆ ಒಂದು ಪುಡಿಕೆಯಲ್ಲಿ ಕೇರು ಬೀಜ. ಬಜೆಯನ್ನೂ ಕೇರು ಬೀಜವನ್ನೂ ಕರಿದಾರಕ್ಕೆ ಪೋಣಿಸಿ ತೊಟ್ಟಿಲಿಗೆ ಕಟ್ಟಿದರೆ ಕೂಸಿಗೆ ಕಣ್ಣು ತಾಗುವುದಿಲ್ಲ ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಅತ್ತೆ ಅವತ್ತೇ ದಬ್ಬಳ ಹಿಡಿದು ಕೂತು ಒಂದೊಂದೇ ಬೀಜ ಚುಚ್ಚಿ ಪೋಣಿಸಿ, ತೊಟ್ಟಿಲ ಹಗ್ಗಕ್ಕೆ ಕಟ್ಟಿ, ದೂರ ನಿಂತು ನೋಡಿ ತೃಪ್ತಿಪಟ್ಟರು. ಶಾಂತಕ್ಕನವರೂ ತೃಪ್ತಿಪಟ್ಟು ಹುಕ್ಕೇರಿ ಬಸ್ಸು ಹತ್ತಿದರು.

ಇದಾದ ಎರಡು ಮೂರು ದಿನಕ್ಕೆ ಅತ್ತೆಯ ಕುತ್ತಿಗೆಯಲ್ಲಿ ಗುಳ್ಳೆ ಎದ್ದವು. ಕಿವಿಯ ಕೆಳಗಿನಿಂದ ಶುರುವಾಗಿ, ಲಿಂಗ ಕಟ್ಟಿದ ಶಿವದಾರದ ಗುಂಟ ಗೆರೆ ಎಳೆದ ಹಾಗೆ. ಉರಿ, ತುರಿಕೆ, ನೀರು. ಡಾಕ್ಟರು ನೋಡಿ, ಏನೋ ತಾಗಿದೆ ಎಂದು ಮುಲಾಮು ಕೊಟ್ಟರು. ಏನು ತಾಗಿದೆ ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮೈಮೇಲೆ ಗುಳ್ಳೆ ಎದ್ದರೆ ನಮ್ಮ ಕಡೆ ತೀರ್ಪು ಮೊದಲೇ ಆಗಿರುತ್ತದೆ: ಜೇಡ ಹರಿದಾಡಿದೆ, ಉಚ್ಚೆ ಹೊಯ್ದಿದೆ.

ಆ ಜೇಡವೂ ತಾನಾಗಿಯೇ ಸಿಕ್ಕಿಬಿತ್ತು. ಶಾಂತಕ್ಕನವರು ದಿನಾ ಸಂಜೆ ಮೊಮ್ಮಗಳನ್ನು ನೋಡಲು ವಿಡಿಯೋ ಕಾಲ್ ಮಾಡುತ್ತಿದ್ದರು. ದೀಪಾ ಫೋನನ್ನು ತೊಟ್ಟಿಲ ಕಡೆ ಹಿಡಿದಿದ್ದಳು. ಅವತ್ತು ಅವರು ಕೂಸಿಗೆ ಲೊಚಗುಟ್ಟುವುದನ್ನು ಅರ್ಧಕ್ಕೆ ನಿಲ್ಲಿಸಿ, "ದೀಪಾ, ಗ್ವಾಡಿ ಮ್ಯಾಲ ಅದೇನ ಕರ್ರಗ ಓಡಾಕತ್ತೇತಿ? ತಡಿ, ತಡಿ, ಬೆಳ್ಳಗೂ ಐತಿ!" ಅಂದರು.

ಹೌದು, ಜೇಡವೇ. ಹೆಸರುಕಾಳಿಗಿಂತ ಚೂರು ದೊಡ್ಡದು. ಕಪ್ಪು ಮೈ, ಬಿಳಿ ಗುರುತು. ಓಡುತ್ತದೆ, ನಿಲ್ಲುತ್ತದೆ, ಟಣ್ಣನೆ ಜಿಗಿಯುತ್ತದೆ.

"ಅಯ್ಯ ಶಿವನ, ಇದ ನೋಡ ಕಚ್ಚಿದ್ದು!" ಎಂದು ಮಂಚದ ಮೇಲಿಂದ ಅತ್ತೆ ಕುತ್ತಿಗೆ ಮುಟ್ಟಿಕೊಂಡರು. ಅತ್ತ ಶಾಂತಕ್ಕ ಆ ಕುತ್ತಿಗೆಯನ್ನೂ ನೋಡಿದರು. ಮರುದಿನ ಬೆಳಗ್ಗೆ ಬೀಗರೆಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ವಿಡಿಯೋ ಹಾಕಿದರು. ಭಯದ ಸಂಗೀತ, ಕರೀ ಜೇಡದ ಚಿತ್ರ, ಕಚ್ಚಿದರೆ ಆಸ್ಪತ್ರೆ ಮುಟ್ಟುವುದಿಲ್ಲ ಎಂಬ ದಪ್ಪ ಅಕ್ಷರ. ಮಧ್ಯಾಹ್ನಕ್ಕೆ ಶಾಂತಕ್ಕನವರ ಫೋನು.

"ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ. ಶುಕ್ರವಾರ ಗಾಡಿ ಮಾಡ್ಕೊಂಡ ಬರ್ತೇನಿ. ದೀಪಾನ್ನೂ ಕೂಸನ್ನೂ ಕರ್ಕೊಂಡ ಹೊಕ್ಕೇನಿ. ಉಳದ ಬಾಣಂತನ ಇಲ್ಲೇ ಆಗಲಿ."

"ಮೂರ ತಿಂಗಳ ಆಗೂತನಾ ಇರ್ತಾಳಂತ ಮಾತಾಗಿತ್ತಲ್ರಿ ಅಕ್ಕಾರ?"

"ಆಗಿತ್ತರಿ, ಖರೆ. ಆದ್ರ ಆವಾಗ ಜ್ಯಾಡ ಇರಲಿಲ್ಲಲ್ರಿ."

ಫೋನಿಟ್ಟು ನಾನು ಅಡುಗೆಮನೆಗೆ ಬಂದೆ. ಮೂರು ತಿಂಗಳು ಎಂದು ಮನಸ್ಸಿನಲ್ಲೇ ಏನೇನೋ ಹಂಚಿ ಇಟ್ಟುಕೊಂಡಿದ್ದೆ: ಕೂಸಿನ ಮೊದಲ ನಗು ಇಲ್ಲಿ, ಕುತ್ತಿಗೆ ನಿಲ್ಲುವುದು ಇಲ್ಲಿ. ಈಗ ತಿಂಗಳು ತುಂಬುವುದರೊಳಗೆ ತೊಟ್ಟಿಲು ಬಿಚ್ಚುವ ಮಾತು. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ದೀಪಾಳ ಮುಖ. ಬಾಣಂತನ ಅರ್ಧಕ್ಕೆ ಬಿಟ್ಟು ಹೋದವಳು ಎಂದರೆ ಹುಕ್ಕೇರಿಯ ಓಣಿಯಲ್ಲಿ ಏನೆಂದುಕೊಳ್ಳುತ್ತಾರೆ? ತವರಿನವರಿಗೆ ಕೂಸನ್ನು ನೋಡಿಕೊಳ್ಳಲು ಬರಲಿಲ್ಲ ಎಂದೇ. "ಅವ್ವಾ, ಏನರ ಮಾಡ" ಎಂದಷ್ಟೇ ಅಂದಳು.

ನಮ್ಮ ಮನೆಯವರು ತಮಗೆ ತಿಳಿದ ದಾರಿ ಹೇಳಿದರು. "ಅದಕ್ಯಾಕ ಇಷ್ಟ ತಲಿ ಕೆಡಿಸ್ಕೋತೀರಿ? ಹೊಲಕ್ಕ ಹೊಡಿಯೂ ಹುಳದ ಎಣ್ಣಿ ಐತಿ, ಪಂಪ್ ಐತಿ. ಎರಡ ನಿಮಿಷದ ಕೆಲಸ."

"ಹಸಗೂಸಿನ ಕೋಣ್ಯಾಗ ಹೊಲದ ಎಣ್ಣಿ ಹೊಡೀತೀರಿ?" ಎಂದೆ. ಅವರು ಪಂಪನ್ನು ಕಣ್ಣಲ್ಲೇ ಒಮ್ಮೆ ಆಸೆಯಿಂದ ನೋಡಿ ಹೊರಗೆ ಹೋದರು.

ಆಗ ಕಪಾಟಿನಿಂದ ಈ ಗ್ಲಾಸು ತೆಗೆದೆ. ಹಳೆಯದೊಂದು ಲಗ್ನಪತ್ರಿಕೆಯನ್ನೂ ತೆಗೆದೆ. ಸ್ಟೂಲಿನ ಮೇಲೆ ಹತ್ತಿದ ನನ್ನನ್ನು ನೋಡಿ ಅತ್ತೆ, "ಬಿದ್ದಗಿದ್ದೀಯವಾ ಕಾನ್ವೆಂಟ್, ಆಮ್ಯಾಲ ಇಬ್ಬರ ಬಾಣಂತನ ನಾ ಮಾಡಬೇಕಾದೀತು" ಅಂದರು. ಜೇಡ ಓಡಲಿಲ್ಲ. ಅದು ತಿರುಗಿ ನನ್ನ ಕಡೆ ನೋಡಿತು. ಖರೇನ, ನೋಡಿತು. ಬೇರೆ ಹುಳಗಳು ನಮ್ಮಿಂದ ತಪ್ಪಿಸಿಕೊಳ್ಳುತ್ತವೆ. ಇದು ಮೈಯನ್ನೇ ತಿರುಗಿಸಿ, ಯಾರು ಬಂದವರು ಎಂಬಂತೆ ಮುಖ ಮೇಲೆತ್ತಿತು. ಅಷ್ಟರಲ್ಲಿ ಗ್ಲಾಸು ಬೋರಲು ಬಿತ್ತು, ಲಗ್ನಪತ್ರಿಕೆ ಕೆಳಗೆ ತೂರಿತು.

ಕಿಟಕಿಯ ಬೆಳಕಿಗೆ ಇಟ್ಟು ನೋಡಿದೆ. ಕಾಲು ಎಣಿಸಿದೆ, ಈ ಸಲ ತಪ್ಪಲಿಲ್ಲ. ಮುಖದ ಮುಂದೆ ರಾತ್ರಿಯ ಬಸ್ಸಿನ ದೀಪದಂತೆ ಎರಡು ದೊಡ್ಡ ಕಣ್ಣು, ಅವುಗಳ ಅಕ್ಕಪಕ್ಕ ಚಿಕ್ಕವು. ಬೆನ್ನಿನ ಮುಂದಿನ ಭಾಗದಲ್ಲಿ ಒಂದು ಬಿಳಿ ಪಟ್ಟಿ, ಹಿಂದಿನ ಭಾಗದಲ್ಲಿ ಚೌತಿ ಚಂದ್ರನ ಹಾಗೆ ಬಾಗಿದ ಇನ್ನೊಂದು. ಬಾಯಿಯ ಹತ್ತಿರ ಎರಡು ಪುಟ್ಟ ಕೈ, ಅವುಗಳ ಮೇಲೂ ಬಿಳಿ. ಆ ಕೈಗಳನ್ನು ಮೇಲೆ ಕೆಳಗೆ ಆಡಿಸುತ್ತಲೇ ಇತ್ತು. ನಮ್ಮ ಗೋಕಾಕಿನಲ್ಲಿ ಮರದ ಗೊಂಬೆಗೆ ಬಣ್ಣ ಹಾಕುವವರು ಕೊನೆಗೆ ಸಣ್ಣ ಕುಂಚದಿಂದ ಕಣ್ಣು ಹುಬ್ಬು ತಿದ್ದುತ್ತಾರಲ್ಲ, ಹಾಗೆ ಯಾರೋ ಪುರುಸೊತ್ತು ಮಾಡಿಕೊಂಡು ಕೂತು ತಿದ್ದಿದ ಬಿಳಿ.

ಫೋನಿನಲ್ಲಿ ಫೋಟೋ ತೆಗೆದು ಇದೇನೆಂದು ಹುಡುಕಿದೆ. ಗ್ಲಾಸಿನ ಎಲೆಯೂ ಫೋಟೋದಲ್ಲಿ ಸೇರಿಬಿಟ್ಟಿತ್ತು. ಫೋನು ಮೊದಲು ಅದನ್ನು ಕಿವಿಯೋಲೆ ಅಂದಿತು. ಎರಡನೆಯ ಸಲ ಕೋಟಿನ ಗುಂಡಿ ಅಂದಿತು. ಸಿಸ್ಟರ್ ಇದ್ದಿದ್ದರೆ ಫೋನಿನ ತಲೆಯ ಮೇಲೆ ಟಿಕ್ ಟಿಕ್ ಅನ್ನಿಸುತ್ತಿದ್ದರು. ಫೋನು ಬದಿಗಿಟ್ಟು ಕ್ಯಾಲೆಂಡರಿನ ಹರಿದ ಹಾಳೆಯ ಹಿಂದೆ ನಾನೇ ಚಿತ್ರ ಬರೆದೆ, ದೊಡ್ಡದಾಗಿ. ಬರೆಯುವಾಗ ಕಂಡದ್ದು ನೋಡುವಾಗ ಕಂಡಿರಲಿಲ್ಲ: ಬಿಳಿ ಪಟ್ಟಿ ಉದ್ದಕ್ಕಿಲ್ಲ, ಅಡ್ಡಕ್ಕಿದೆ. ಆಮೇಲೆ ಜಿಗಿಯುವ ಜೇಡಗಳ ಫೋಟೋಗಳನ್ನು ಒಂದೊಂದಾಗಿ ಚಿತ್ರದ ಪಕ್ಕ ಇಟ್ಟು ನೋಡುತ್ತ ಹೋದೆ. ಉದ್ದ ಪಟ್ಟಿಯದು ಬೇರೆ ಜಾತಿ. ಅದನ್ನು ನಮ್ಮ ಹಿತ್ತಲ ಗೋಡೆಯ ಮೇಲೂ ನೋಡಿದ್ದೇನೆ. ಇದಲ್ಲ, ಇದಲ್ಲ, ಇದಲ್ಲ. ಸಂಜೆಯ ಹೊತ್ತಿಗೆ, ಇದು! ಅದೇ ಅಡ್ಡ ಪಟ್ಟಿ, ಅದೇ ಚೌತಿ ಚಂದ್ರ, ಅದೇ ಬಿಳಿ ಕೈ. ಮನೆಯೊಳಗೇ ಇರುವ ಜಿಗಿಯುವ ಜೇಡದ ಗಂಡು. ಯಾರೋ ಹಳೆಯ ಕಾಲದ ಪರದೇಶಿ ಪಂಡಿತನ ಹೆಸರು ಅದಕ್ಕೆ ಅಂಟಿಕೊಂಡಿತ್ತು. ಬಲೆ ಕಟ್ಟಿ ಕೂರುವುದಿಲ್ಲ. ಸೊಳ್ಳೆ, ನೊಣ ಹಿಡಿದು ತಿನ್ನುತ್ತದೆ. ಮನುಷ್ಯರಿಗೆ ಅಪಾಯವಿಲ್ಲ ಎಂದು ಅಲ್ಲಿ ಬರೆದಿತ್ತು. ವಾಟ್ಸಾಪಿನ ವಿಡಿಯೋದಲ್ಲಿದ್ದದ್ದು ಎಲ್ಲಿಯದೋ ಬೇರೆ ಜೇಡ, ಹೊಟ್ಟೆಯ ಮೇಲೆ ಕೆಂಪು ಗುರುತಿನದು, ಬಿಳಿಯ ಸುಳಿವೇ ಇಲ್ಲದ್ದು.

ಇಷ್ಟು ವರ್ಷದ ಮೇಲೆ ಒಂದು ಪರೀಕ್ಷೆ ಪಾಸಾದ ಹಾಗೆ ಎದೆ ಉಬ್ಬಿತು. ಚಿತ್ರವನ್ನೂ ಗ್ಲಾಸನ್ನೂ ಅತ್ತೆಯ ಮುಂದೆ ಹಿಡಿದೆ. ಅವರು ಚಶ್ಮಾ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಅವರ ಮುಖ ಮೆತ್ತಗಾಯಿತು.

"ಏನವಾ ಇದು, ಹಣಿತುಂಬ ವಿಭೂತಿ ಹಚ್ಯಾನ! ಬೆನ್ನಿಗೂ ಹಚ್ಯಾನ. ಕೈಗೂ. ಇಂವಾ ನಮ್ಮಂವನ."

"ಮತ್ತ ನಿಮಗ ಕಚ್ಚಿದ್ದು ಇದಲ್ಲ ಅಂದಂಗಾತಲ್ರಿ ಅತ್ತೀ?"

ಅತ್ತೆ ಚಶ್ಮಾ ತೆಗೆದರು. "ವಿಭೂತಿ ಹಚ್ಚಿದಾವ್ರೆಲ್ಲಾ ಸುಮ್ಮನ ಇರತಾರಂತ ನಿನಗ ಯಾರ ಹೇಳಿದ್ರು? ಗುಳ್ಳಿ ಎದ್ದಾವಿಲ್ಲೋ? ತಾವ ಎದ್ದಾವೇನ?"

ಅಲ್ಲಿಗೆ ನನ್ನ ಪಾಸು ಅರ್ಧಕ್ಕೆ ನಿಂತಿತು. ಜೇಡದ ಹೆಸರು ನನಗೆ ಗೊತ್ತಾಗಿತ್ತು, ಗುಳ್ಳೆಯ ಹೆಸರು ಗೊತ್ತಾಗಿರಲಿಲ್ಲ. ಅದು ಗೊತ್ತಾಗದ ಹೊರತು ಶಾಂತಕ್ಕನವರ ಮುಂದೆ ನನ್ನ ಚಿತ್ರ ಬರೀ ಕ್ಯಾಲೆಂಡರಿನ ಹಿಂಬದಿ.

ನೋಡಿಯಾದ ಮೇಲೆ ಬಿಡಬೇಕು ಎಂದು ಸಿಸ್ಟರ್ ಹೇಳಿದ್ದರಲ್ಲ, ಜೇಡವನ್ನು ಅವತ್ತೇ ಅದರ ಗೋಡೆಗೆ ಬಿಟ್ಟಿದ್ದೆ. ಅದು ಎಲ್ಲಿಯೂ ಹೋಗಲಿಲ್ಲ. ಶುಕ್ರವಾರ ಬೆಳಗ್ಗೆ ಮತ್ತೆ ಹಿಡಿದು, ಸಾಕ್ಷಿಯನ್ನು ಕೋರ್ಟಿಗೆ ತರುವಂತೆ, ಕಿಟಕಿಯ ಕಟ್ಟೆಯ ಮೇಲೆ ಗ್ಲಾಸು ಬೋರಲು ಹಾಕಿ ಇಟ್ಟೆ.

ಶಾಂತಕ್ಕನವರು ಬಂದರು. ಹೊರಗೆ ಗಾಡಿ ನಿಂತಿತ್ತು. ಅವಲಕ್ಕಿ, ಕರದಂಟು ಕೊಟ್ಟೆವು. ಕರದಂಟಿನ ಒಂದು ಚೂರು ಮಾತ್ರ ಬಾಯಿಗಿಟ್ಟುಕೊಂಡರು. ನಾನು ಗ್ಲಾಸು ತೋರಿಸಿದೆ, ಚಿತ್ರ ತೋರಿಸಿದೆ, ಫೋನು ತೋರಿಸಿದೆ. ಎಲ್ಲವನ್ನೂ ಮರ್ಯಾದೆಯಿಂದ ನೋಡಿದರು.

"ನೀವು ಕಲತವ್ರದ್ದೀರಿ ಅಕ್ಕಾರ. ನಾ ಸುಳ್ಳ ಅನ್ನೂದಿಲ್ಲ. ಆದ್ರ ಜ್ಯಾಡದ ಉರಿ ಏನಂತ ಪುಸ್ತಕಕ್ಕ ಗೊತ್ತಿಲ್ಲರಿ, ನನಗ ಗೊತ್ತೈತಿ. ನೋಡ್ರಿಲ್ಲೆ." ಅವರು ಸೆರಗಿನೊಳಗಿಂದ ಬಲಗೈ ಹೊರತೆಗೆದರು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಚರ್ಮ ಸುಲಿದು, ಒಣಗಿದ ಗುಳ್ಳೆಗಳು. "ನಮ್ಮ ಮನ್ಯಾಗೂ ಹೊಕ್ಕಿತ್ತ. ನಿಮ್ಮ ತೊಟ್ಲ ಕಾರ್ಯ ಮುಗಿಸ್ಕೊಂಡ ಹೋಗಿ ಮರದಿನಾನ ಎದ್ದಾವ ನೋಡ್ರಿ. ನಿದ್ದಿ ಇಲ್ಲ, ಏನಿಲ್ಲ. ನನ್ನಂಥ ಗಟ್ಟಿ ಜೀವಕ್ಕ ಹಿಂಗಾದ್ರ, ಆ ಎಳೀ ಕೂಸಿಗೆ ಏನ್ರಿ ಗತಿ?"

ಅವರ ಕಣ್ಣಲ್ಲಿ ನೀರಿತ್ತು. ಅಲ್ಲಿಯವರೆಗೆ ನಾನು ಬೀಗತನದ ಜೋರು ಎಂದುಕೊಂಡದ್ದು ಬರೀ ಹೆದರಿಕೆಯಾಗಿತ್ತು.

ಅತ್ತೆ ಮಂಚದ ಮೇಲಿಂದ ಕತ್ತು ಚಾಚಿದರು. "ಏನವಾ ಇದು ವಿಚಿತ್ರ! ನಿಮ್ಮ ಹುಕ್ಕೇರಿ ಜ್ಯಾಡಾನೂ ನಮ್ಮ ಗೋಕಾಕ ಜ್ಯಾಡಾನೂ ಮಾತಾಡ್ಕೊಂಡ ಬಂದಾವೇನ ಮತ್ತ?"

ದೀಪಾ ನಕ್ಕಳು. ನನಗೆ ನಗು ಬರಲಿಲ್ಲ. ನಾನು ಆ ಕೈಯನ್ನೇ ನೋಡುತ್ತಿದ್ದೆ. ಹೆಬ್ಬೆರಳಿನ ಉಗುರಿನ ಬದಿಯಲ್ಲಿ ಒಂದು ಕಪ್ಪು ಕಲೆ, ತೊಳೆದರೂ ಹೋಗದ ಕಂದುಗಪ್ಪು. ಆ ಬಣ್ಣವನ್ನು ನಾನು ಎಲ್ಲಿಯೋ ನೋಡಿದ್ದೆ, ದಿನಾ ನೋಡಿದ್ದೆ.

ಕಾಲರಿನ ಮೇಲೆ! ಹಾಸ್ಟೆಲಿನ ಬಟ್ಟೆಗಳೆಲ್ಲ ಒಟ್ಟಿಗೆ ಅಗಸರ ಮನೆಗೆ ಹೋಗುತ್ತಿದ್ದವು. ಯಾರದ್ದು ಯಾವುದೆಂದು ತಿಳಿಯಲು ಅವರು ಕೇರು ಬೀಜ ಚುಚ್ಚಿ, ಅದರ ರಸದಿಂದ ಕಾಲರಿನ ಒಳಗೆ ಗುರುತು ಹಾಕುತ್ತಿದ್ದರು. ನನ್ನದು ಒಂದು ಗೆರೆ, ಪಕ್ಕದಲ್ಲಿ ಚುಕ್ಕೆ. ಯೂನಿಫಾರ್ಮು ಹರಿಯುತ್ತಿತ್ತೇ ಹೊರತು ಆ ಗುರುತು ಹೋಗುತ್ತಿರಲಿಲ್ಲ. ಹೊಸ ಗುರುತು ಹಾಕಿದ ಅಂಗಿ ತೊಟ್ಟ ಒಂದು ವಾರ ನನ್ನ ಕುತ್ತಿಗೆಯ ಹಿಂದೆ ಇಂಥವೇ ಗುಳ್ಳೆ ಎದ್ದಿದ್ದವು. ನೋಡಲು ಬಂದ ಅವ್ವ ಜೇಡ ಎಂದು ಅತ್ತಿದ್ದಳು. ಟಿಕ್‌ಟಿಕ್ ಸಿಸ್ಟರ್ ಮಾತ್ರ ನನ್ನ ಕಾಲರು ಮಡಚಿ, ಬಿಚ್ಚಿ, ಮತ್ತೆ ಮಡಚಿ, ಗುಳ್ಳೆ ಸರಿಯಾಗಿ ಆ ಗುರುತಿನ ಕೆಳಗೇ ಇರುವುದನ್ನು ಅವ್ವನಿಗೆ ತೋರಿಸಿದ್ದರು. ಆಮೇಲೆ ಗುರುತಿನ ಮೇಲೆ ಒಂದು ಬಟ್ಟೆಯ ಚೂರು ಹೊಲಿದು ಕೊಟ್ಟಿದ್ದರು.

ನಾನು ತೊಟ್ಟಿಲ ಕಡೆ ತಿರುಗಿದೆ. ಹಗ್ಗಕ್ಕೆ ಕಟ್ಟಿದ ಕರಿದಾರ ದಿನಾ ತೂಗಿ ತೂಗಿ ಸಡಿಲಾಗಿ ಕೆಳಗೆ ಜಾರಿತ್ತು. ಚುಚ್ಚಿದ ತೂತಿನ ಬಾಯಲ್ಲಿ ಬೀಜಗಳು ಜಿನುಗಿ ಹೊಳೆಯುತ್ತಿದ್ದವು. ಕೂಸು ಎಚ್ಚರವಾಗಿ ಮುಷ್ಟಿ ಆಡಿಸುತ್ತಿತ್ತು. ಮುಷ್ಟಿಗೂ ಬೀಜಕ್ಕೂ ನಡುವೆ ಅರ್ಧ ಗೇಣು ಇರಲಿಲ್ಲ.

"ದೀಪಾ, ಕೂಸನ್ನ ಎತ್ತ!" ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಅವಳು ಯಾಕೆ ಎಂದು ಕೇಳದೆ ಎತ್ತಿದಳು. ನಾನು ಅಡುಗೆಮನೆಯಿಂದ ಇಕ್ಕಳ, ಕತ್ತರಿ ತಂದು ದಾರ ಕತ್ತರಿಸಿ, ಬೀಜದ ಸರವನ್ನು ಇಕ್ಕಳದಲ್ಲೇ ಹಿಡಿದು ಹಿತ್ತಲಿಗೆ ಒಯ್ದು ಹುಗಿದು ಬಂದೆ.

ಕೈ ತೊಳೆದು ಒಳಗೆ ಬಂದೆ. ನಾನು ಶಾಂತಕ್ಕನವರ ಪಕ್ಕ ಕೂತೆ.

"ಅಕ್ಕಾರ, ಕ್ಯಾರಬೀಜ ತರೂ ಮುಂದ ಚುಚ್ಚಿ ನೋಡಿದ್ರೇನ್ರಿ?"

"ಹೂನರಿ. ಅಂಗಡ್ಯಾವ ಒಣಗಿದ್ದ ಕೊಟ್ಟಾನೇನೋ ಅಂತ ಎರಡ ಚುಚ್ಚಿ, ಹಿಚುಕಿ ನೋಡಿದ್ದೆ. ಯಾಕ್ರಿ?"

"ಅತ್ತೀ, ನೀವು ಪೋಣಿಸಿದ ಮ್ಯಾಲ ಕೈ ತೊಳಕೊಂಡ್ರೇನ್ರಿ?"

ಅತ್ತೆಗೆ ಯೋಚನೆ ಬಂದಾಗೆಲ್ಲ ಕೈ ತಾನಾಗಿ ಶಿವದಾರಕ್ಕೆ ಹೋಗುತ್ತದೆ. ಆಗಲೂ ಹೋಯಿತು. ಹೆಬ್ಬೆರಳು ತೋರುಬೆರಳಲ್ಲಿ ದಾರ ಹಿಡಿದು, ಕಿವಿಯ ಕೆಳಗಿನಿಂದ ಎದೆಯವರೆಗೆ ಎಳೆದುಕೊಂಡರು. ಅರ್ಧಕ್ಕೆ ಕೈ ನಿಂತಿತು. ಬೆರಳಿನ ಕೆಳಗೆ, ಒಂದರ ಹಿಂದೊಂದು, ಗುಳ್ಳೆ. ಅವರು ಕೈಯನ್ನು ನೋಡಿದರು, ದಾರವನ್ನು ನೋಡಿದರು, ನನ್ನನ್ನು ನೋಡಿದರು.

ನಾನು ಕಾಲರಿನ ಕಥೆ ಹೇಳಿದೆ. ಮುಗಿಯುವ ಹೊತ್ತಿಗೆ ಶಾಂತಕ್ಕನವರ ಮುಖ ಸಣ್ಣದಾಗಿತ್ತು.

"ಹಂಗಾರ ನಾ ತಂದದ್ದ ಇದು."

"ನೀವ ತಂದದ್ದು ಕೂಸಿಗೆ ಒಳ್ಳೇದಾಗಲಿ ಅಂತ್ರಿ, ಅಕ್ಕಾರ. ನಮ್ಮ ಅತ್ತಿ ಪೋಣಿಸಿದ್ದೂ ಅದಕ್ಕ. ನಮ್ಮ ತೊಟ್ಲಕ್ಕೂ ನಮ್ಮ ಅವ್ವ ಕಟ್ಟಿರಬೇಕು. ಕಾಯಿ ಹಸೀದಿತ್ತು, ಅಷ್ಟ."

ಅತ್ತೆ ಮಧ್ಯೆ ಬಾಯಿ ಹಾಕಿದರು. "ನೀವ ತಂದ್ರಿ, ನಾ ಚುಚ್ಚಿದೆ. ನೀವ ಕೈಗೆ ಹಚಗೊಂಡ್ರಿ, ನಾ ಕುತಗೀಗೆ ಹಚಗೊಂಡೆ. ಬೈಸ್ಕೊಂಡಾಂವ ಮಾತ್ರ ಗ್ಲಾಸಿನ್ಯಾಗ ಕುಂತಾನ ನೋಡ್ರಿ, ವಿಭೂತಿ ಹಚಗೊಂಡ!"

ಮೂವರೂ ಕಿಟಕಿಯ ಕಡೆ ನೋಡಿದೆವು. ಶಾಂತಕ್ಕನವರೇ ಎದ್ದರು. ಗ್ಲಾಸಿನ ಹತ್ತಿರ ಹೋಗಿ, ಒಂದು ಕ್ಷಣ ತಡೆದು, ಸೆರಗು ಬಿಗಿ ಹಿಡಿದು, ಸುಲಿದ ಕೈಯಿಂದಲೇ ಗ್ಲಾಸನ್ನು ಮೇಲೆತ್ತಿದರು. ಜೇಡ ಓಡಲಿಲ್ಲ. ಮೈ ತಿರುಗಿಸಿ ಅವರನ್ನು ನೋಡಿತು. ಬಿಳಿಯ ಪುಟ್ಟ ಕೈಗಳನ್ನು ಮೇಲೆ ಕೆಳಗೆ ಆಡಿಸಿತು.

"ಅಯ್ಯ, ಶರಣು ಮಾಡಾಕತ್ತೇತಲ್ರಿ!" ಎಂದು ಶಾಂತಕ್ಕ, ಗ್ಲಾಸು ಹಿಡಿದ ಕೈಗೆ ಇನ್ನೊಂದು ಕೈ ಸೇರಿಸಿ, ತಾವೂ ಶರಣು ಅಂದರು.

ಗಾಡಿ ಅವರನ್ನೊಬ್ಬರನ್ನೇ ಹತ್ತಿಸಿಕೊಂಡು ಹುಕ್ಕೇರಿಗೆ ಹೋಯಿತು. ಕರದಂಟಿನ ಡಬ್ಬಿ ಮಾತ್ರ ಜೊತೆಗಿತ್ತು. ತೊಟ್ಟಿಲ ಹಗ್ಗ ಬರಿದಾಗಿ ಕಾಣಬಾರದೆಂದು ದೀಪಾ ಬಣ್ಣದ ಒಂದು ಮರದ ಗಿಳಿ ಕಟ್ಟಿದಳು. ಅತ್ತೆ ಕೂಸಿನ ಗಲ್ಲಕ್ಕೆ ಕಾಡಿಗೆಯ ಬೊಟ್ಟು ಇಟ್ಟರು. ಆಮೇಲೆ ತೊಟ್ಟಿಲಿನಲ್ಲಿ ಕರೀ ಬೊಟ್ಟಿನ ಒಬ್ಬಳು, ಗೋಡೆಯ ಮೇಲೆ ಬಿಳೀ ಬೊಟ್ಟಿನ ಒಬ್ಬ. ಸೊಳ್ಳೆಗಳ ಪಾಡು ಅವೇ ಹೇಳಬೇಕು. ಕೂಸಿನ ಮೊದಲ ನಗು ನನ್ನ ಕಡೆ ನೋಡಿ ಬಂತೋ, ಗೋಡೆಯ ಕಡೆ ನೋಡಿ ಬಂತೋ ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಎರಡು ಪಕ್ಷವಿದೆ. ನನ್ನ ಪಕ್ಷದಲ್ಲಿ ನಾನೊಬ್ಬಳೇ ಇದ್ದೇನೆ.

ಅತ್ತೆಯ ಗುಳ್ಳೆ ಮಾಯ್ದವು. "ಕಾನ್ವೆಂಟ್" ಮಾಯಲಿಲ್ಲ, ಆದರೆ ದಿಕ್ಕು ಬದಲಿಸಿತು. ಕೂಸು ನೋಡಲು ಬಂದವರಿಗೆಲ್ಲ ಕೂಸಿಗಿಂತ ಮೊದಲು ಗ್ಲಾಸು ತೋರಿಸಿ ಹೇಳುತ್ತಿದ್ದರು, "ನಮ್ಮ ಸೊಸಿ ಕಾನ್ವೆಂಟ್ ಕಲತಾಳ. ಜ್ಯಾಡದ ಜಾತಿ ಹೇಳತಾಳ, ಹುಳದ ಜಾತಿ ಹೇಳತಾಳ. ಡಾಕ್ಟರ್‌ಗೂ ಗೊತ್ತಾಗಲಿಲ್ಲ ನೋಡ್ರಿ, ಈಕಿಗೆ ಗೊತ್ತಾತು." ನಾನು ಒಳಗೆ ರೊಟ್ಟಿ ಬಡಿಯುತ್ತ ಇದನ್ನು ಕೇಳಿಸಿಕೊಳ್ಳದವಳಂತೆ ಕೇಳಿಸಿಕೊಳ್ಳುತ್ತಿದ್ದೆ. ಬಡಿತ ತುಸು ನಿಧಾನ ಮಾಡುತ್ತಿದ್ದೆ, ಕೊನೆಯ ಮಾತು ತಪ್ಪಿಹೋಗದಿರಲಿ ಎಂದು. ರೊಟ್ಟಿ ಈಗಲೂ ಯಾವುದೋ ದೇಶದ ಆಕಾರಕ್ಕೇ ಬರುತ್ತದೆ. ಯಾವ ದೇಶವೆಂದು ಈಗ ಯಾರೂ ಕೇಳುವುದಿಲ್ಲ.

ಈಗ ಬೇರೆ ಕೆಲಸ ಹಚ್ಚಿಕೊಂಡಿದ್ದೇನೆ. ಓಣಿಯ ಹೆಂಗಸರು ಬೆಂಕಿಪೆಟ್ಟಿಗೆಯಲ್ಲಿ ಹುಳ ಹಿಡಿದು ತರುತ್ತಾರೆ. ಮಸಗುಪ್ಪಿಯ ತಮ್ಮನ ಹೆಂಡತಿ ಕಬ್ಬಿನ ಗರಿಯ ಫೋಟೋ ಕಳಿಸಿ, "ಅಕ್ಕಾರ, ಇದ ಯಾರ?" ಎಂದು ಕೇಳುತ್ತಾಳೆ. ಗೊತ್ತಿದ್ದರೆ ಹೇಳುತ್ತೇನೆ. ಗೊತ್ತಿಲ್ಲದಿದ್ದರೆ ಗ್ಲಾಸು ಇದ್ದೇ ಇದೆ.

ಮೂರು ತಿಂಗಳು ತುಂಬಿ ದೀಪಾ ಹುಕ್ಕೇರಿಗೆ ಹೋದ ಮೇಲೆ ವಿಡಿಯೋ ಕಾಲಿನ ದಿಕ್ಕೂ ಬದಲಾಯಿತು. ಈಗ ಸಂಜೆ ಫೋನು ಹಿಡಿದು ಕಾಯುವವಳು ನಾನು. ಮೊನ್ನೆ ಶಾಂತಕ್ಕನವರೇ ಕರೆ ಮಾಡಿದರು. ಫೋನು ಮೊಮ್ಮಗಳ ಕಡೆ ತಿರುಗಲಿಲ್ಲ. ನೆಟ್ಟಗೆ ಗೋಡೆಯ ಕಡೆ ಹೋಯಿತು. ಗೋಡೆಗೆ ಒಂದು ಗ್ಲಾಸು ಒತ್ತಿ ಹಿಡಿದಿದ್ದರು, ಅದರೊಳಗೊಂದು ಜೇಡ.

"ಅಕ್ಕಾರ, ತೊಟ್ಲದ ಬಾಜೂಕ ಐತ್ರಿ. ನಿಮ್ಮಂಗನ ಹಿಡದೇನಿ. ಆದ್ರ ಇದು ಕರ್ರಗಿಲ್ಲ, ಕಂದ ಐತಿ. ವಿಭೂತಿನೂ ಇಲ್ಲ. ಇದು ಯಾವ ಪೈಕೀದ್ರಿ?"

ನಾನು ಚಶ್ಮಾ ಹಾಕಿಕೊಂಡೆ. ಮೊದಲು ನೋಡಿದೆ. ಆಮೇಲೂ ನೋಡಿದೆ.

"ಅದೂ ಅದ ಪೈಕೀದ್ರಿ ಅಕ್ಕಾರ. ಆದ್ರ ಹೆಣ್ಣ. ಬಿಳಿ ಪಟ್ಟಿ ಗಂಡಿಗಷ್ಟ ಇರತೈತಿ. ಹೊಟ್ಟಿ ದಪ್ಪ ಐತೇನ ನೋಡ್ರಿ?"

"ಐತ್ರಿ. ಚೊಲೋತ್ನಂಗ ದಪ್ಪ ಐತಿ."

"ಹಂಗಾರ ಬಾಣಂತನಕ್ಕ ಬಂದಿರಬೇಕು."

ಅತ್ತ ಗೋಡೆಯಿಂದ ಗ್ಲಾಸು ಎತ್ತಿ ಮೇಜಿನ ಮೇಲೆ ಇಟ್ಟ ಸದ್ದು ಕೇಳಿಸಿತು: ಟಿಕ್.

"ಇರಲಿ ಬಿಡ್ರಿ ಹಂಗಾರ," ಅಂದರು ಶಾಂತಕ್ಕ. "ಮೂರ ತಿಂಗಳ ಇದ್ದ ಹೋಗಲಿ."